ಓದಿ ಮುಗಿಸಿದವರ ಮಾತು

ಮೈಸೂರಿನ ನಮ್ಮ ಬಡಾವಣೆಯಲ್ಲಿ ತಿಂಗಳ ಕೊನೆಯ ಭಾನುವಾರ ಸಂಜೆ ಹತ್ತು ಹನ್ನೆರಡು ಮಂದಿ ಒಬ್ಬರ ಮನೆಯ ಹಜಾರದಲ್ಲಿ ಸೇರುತ್ತಾರೆ. ಈ ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಸ್ವಾಗತ ಭಾಷಣ ವಂದನಾರ್ಪಣೆಗಳ ಕಾಟವೂ ಇಲ್ಲ. ಆ ತಿಂಗಳಲ್ಲಿ ತಾವು ಓದಿ ಮುಗಿಸಿದ ಪುಸ್ತಕವನ್ನು ಕುರಿತು ಒಬ್ಬೊಬ್ಬರೂ ಹತ್ತು ನಿಮಿಷ ಮಾತಾಡಬೇಕು. ಮಿಕ್ಕವರು ನಡುವೆ ಬಾಯಿ ಹಾಕದೆ ಕೇಳಬೇಕು. ಆಮೇಲೆ ಬೇಕಾದರೆ ಜಗಳವಾಡಬಹುದು. ಜಗಳ ಮುಗಿಯಲಿ ಬಿಡಲಿ, ಏಳು ಗಂಟೆಗೆ ಉಪ್ಪಿಟ್ಟು ಕಾಫಿ ಬರುತ್ತದೆ. ಇಷ್ಟೇ ನಿಬಂಧನೆ. ಬರುವವರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ಪ್ರೌಢಶಾಲೆಯ ಗಣಿತದ ಮೇಡಂ ಇದ್ದಾರೆ, ಔಷಧದ ಅಂಗಡಿ ಇಟ್ಟವರಿದ್ದಾರೆ, ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬನಿದ್ದಾನೆ. ಉಳಿದವರು ಹೆಚ್ಚಾಗಿ ಗೃಹಿಣಿಯರು. ಕಾಲೇಜಿನಲ್ಲಿ ಕನ್ನಡ ಹೇಳುವವನೆಂಬ ಕಾರಣದಿಂದ ನನಗೂ ಕರೆ ಬಂತು. ಮೊದಲ ಸಲ ಹೋದಾಗ ನನ್ನ ಮನಸ್ಸಿನಲ್ಲಿದ್ದದ್ದು ಔದಾರ್ಯ. ಬಲ್ಲವನು ಬಡಪಾಯಿಗಳ ವಿಷಯದಲ್ಲಿ ತಾಳುವ ಔದಾರ್ಯ. ಹದಿನಾಲ್ಕು ತಿಂಗಳಾದ ಮೇಲೆ ಆ ಔದಾರ್ಯಕ್ಕೆ ಏನು ಗತಿಯಾಯಿತೆಂಬುದನ್ನು ವಾಚಕರ ಮುಂದೆ ಒಪ್ಪಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಓದುಗನಿಗೆ ಬಹು ದೊಡ್ಡ ಸ್ಥಾನವಿದೆ. ಆನಂದವರ್ಧನನೂ ಅಭಿನವಗುಪ್ತನೂ ಸಹೃದಯನನ್ನು ಕವಿಗೆ ಸರಿಸಮನಾಗಿ ಕೂರಿಸಿದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವಂತೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ರಮವಾಗಿ ಶಾಸ್ತ್ರ ಓದದ ಕನ್ನಡಿಗರೂ ಕಾವ್ಯವನ್ನು ಬಲ್ಲವರೆಂದು ಹೊಗಳಿತು. ಈ ಹೊಗಳಿಕೆಯನ್ನು ನಾವು ಅಧ್ಯಾಪಕರು ಪ್ರತಿ ವರ್ಷವೂ ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅಂಥ ಕನ್ನಡಿಗನೊಬ್ಬ ನಿಜವಾಗಿ ಎದುರಿಗೆ ಬಂದು ‘ಸಾರ್, ಈ ಪುಸ್ತಕ ನನಗೆ ಹೀಗೆ ಕಂಡಿತು’ ಎಂದರೆ ನಮ್ಮ ಹುಬ್ಬು ಮೇಲಕ್ಕೇರುತ್ತದೆ. ಸಹೃದಯನಿಗೆ ನಾವು ಕೊಟ್ಟಿರುವ ಗೌರವವೆಲ್ಲ ಅವನ ಗೈರುಹಾಜರಿಯಲ್ಲಿ ಕೊಟ್ಟದ್ದು.

ಹಿಂದೆ ಹೀಗಿರಲಿಲ್ಲವೆಂದು ತೋರುತ್ತದೆ. ಜಗಲಿಯ ಮೇಲೆ ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ಗಮಕಿಗಳು ಓದುತ್ತಿದ್ದಾಗ ಕೇಳುವವರು ನಡುನಡುವೆ ತಮ್ಮ ಮೆಚ್ಚುಗೆಯನ್ನೂ ಸಂದೇಹವನ್ನೂ ಹೇಳುತ್ತಿದ್ದರು. ಅರ್ಥ ಹೇಳುವವರು ಅದಕ್ಕೆ ಉತ್ತರ ಕೊಡಬೇಕಾಗಿತ್ತು. ಹೊಸಗನ್ನಡದ ಮೊದಲ ಘಟ್ಟದಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕಾದಂಬರಿಗಳನ್ನು ತಂದು ಓದುಗರನ್ನು ಹುಟ್ಟಿಸಿದರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಹಾಗೆ ಮಾರುವವನಿಗೆ ಓದುಗನ ಅಭಿಪ್ರಾಯ ಮುಖಕ್ಕೆ ಮುಖ ಕೊಟ್ಟು ಬರುತ್ತಿತ್ತು. ಅದನ್ನು ಕೇಳಿಸಿಕೊಳ್ಳದೆ ವಿಧಿಯಿರಲಿಲ್ಲ. ಕಾದಂಬರಿ ಕಾಲೇಜಿಗೆ ಬಂದು ಪಠ್ಯವಾದ ಮೇಲೆ ಅಭಿಪ್ರಾಯ ಹೇಳುವ ಹಕ್ಕು ಮೆಲ್ಲಮೆಲ್ಲಗೆ ನಮ್ಮಂಥವರ ಕೈಗೆ ಬಂತು. ಓದುಗನಿಗೆ ಉಳಿದದ್ದು ಕೊಂಡುಕೊಳ್ಳುವ ಹಕ್ಕು.

ಇರಲಿ. ಓದುಗರನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಕೂಟದಲ್ಲಿ ಕೇಳಿಬರುವ ಮಾತುಗಳಲ್ಲಿ ಅರ್ಧಕ್ಕೂ ಹೆಚ್ಚು ಕಾಳಿಲ್ಲದ ಹೊಟ್ಟು. ಒಬ್ಬರು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಬಿಡುತ್ತಾರೆ. ಹತ್ತು ನಿಮಿಷ ಮುಗಿಯುವ ಹೊತ್ತಿಗೆ ನಾಯಕನಿಗೆ ಮದುವೆ ಆಗಿರುತ್ತದೆ, ಅಭಿಪ್ರಾಯ ಹುಟ್ಟಿರುವುದಿಲ್ಲ. ಇನ್ನೊಬ್ಬರು ಅಚ್ಚಿನ ತಪ್ಪುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು ಬರುತ್ತಾರೆ. (ಈ ಸೇವೆಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ನಮ್ಮ ಪ್ರಕಾಶಕರು ಅವರಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳಬಹುದು.) ಮತ್ತೊಬ್ಬರು ಪುಸ್ತಕವನ್ನು ಬಿಟ್ಟು ಬರೆದವರ ಗುಣಗಾನಕ್ಕೆ ಇಳಿಯುತ್ತಾರೆ: ಅವರು ಎಷ್ಟು ಸರಳರು, ಮದುವೆಯೊಂದರಲ್ಲಿ ಪಕ್ಕದ ಎಲೆಗೆ ಕೂತಿದ್ದಾಗ ಎಷ್ಟು ಚೆನ್ನಾಗಿ ಮಾತಾಡಿಸಿದರು, ಇತ್ಯಾದಿ. ‘ನಮ್ಮ ಮನೆಯ ಕಥೆಯನ್ನೇ ಬರೆದ ಹಾಗಿದೆ’ ಎಂಬುದು ಎಲ್ಲರೂ ಒಂದಲ್ಲ ಒಂದು ಸಲ ಹೇಳುವ ಮಾತು. ಅದು ಪ್ರಶಂಸೆಯೆಂದು ಅವರ ನಂಬಿಕೆ. ನಮ್ಮ ಮನೆಯ ಕಥೆಯನ್ನು ತಿಳಿಯಲು ಪುಸ್ತಕ ಏಕೆ ಬೇಕು ಎಂದು ಕೇಳಿದರೆ ಬೇಜಾರಾಗುತ್ತದೆಂದು ನಾನು ಸುಮ್ಮನಿರುತ್ತೇನೆ.

ಈ ಹೊಟ್ಟಿನ ನಡುವೆ ಆಗಾಗ ಒಂದು ಕಾಳು ಸಿಕ್ಕುತ್ತದೆ. ಎಂಜಿನಿಯರಿಂಗ್ ಹುಡುಗ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ತೆಗೆದುಕೊಂಡು ಹೋಗಿದ್ದ. ಮುಂದಿನ ತಿಂಗಳು ಬಂದು, ‘ನೂರು ಪುಟ ಆಯಿತು, ಬಿಟ್ಟೆ ಸಾರ್. ಹೀರೋ ಯಾರು ಅಂತಲೇ ಗೊತ್ತಾಗುವುದಿಲ್ಲ. ಒಬ್ಬನ ಹೆಸರು ನೆನಪಿಟ್ಟುಕೊಳ್ಳುವುದರಲ್ಲಿ ಇನ್ನೂ ಹತ್ತು ಜನ ಬರುತ್ತಾರೆ. ನಾಯಿಗೂ ಹೆಸರಿದೆ’ ಎಂದ. ಹಿರಿಯರು ಕೆಲವರಿಗೆ ಸಿಟ್ಟು ಬಂತು. ನನಗೆ ಆ ಹುಡುಗನ ಮೇಲೆ ಗೌರವ ಬಂತು. 1967ರಲ್ಲಿ ಹೊರಬಂದ ಆ ಮಹಾಕಾದಂಬರಿಯ ರಚನೆಯ ಮರ್ಮವನ್ನೇ ಅವನು ದೂರಿನ ರೂಪದಲ್ಲಿ ಹೇಳಿದ್ದ. ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ, ಇವರಲ್ಲಿ ಒಬ್ಬರಿಗೆ ಕಥೆಯನ್ನು ಬರೆದುಕೊಟ್ಟು ಮಿಕ್ಕವರನ್ನು ಪರಿವಾರ ಮಾಡಲು ಕುವೆಂಪು ಒಪ್ಪಲಿಲ್ಲ. ಎಲ್ಲರಿಗೂ ಸಮನಾದ ಬೆಲೆಯೆಂಬ ತಮ್ಮ ಧೋರಣೆಯನ್ನು ಕಾದಂಬರಿಯ ಬಾಗಿಲಲ್ಲೇ ತಿಳಿಸಿದರು. ಹುಲಿಯ ಎಂಬ ನಾಯಿಗೆ ಹೆಸರು ಮಾತ್ರವಲ್ಲ, ಒಂದು ಬಾಳೂ ಇದೆ. ಹುಡುಗನಿಗೆ ನಾನು ಹೇಳಿದ್ದಿಷ್ಟೇ: ‘ನೀನು ಸರಿಯಾಗಿ ನೋಡಿದ್ದೀಯ. ಈಗ ಹೀರೋನನ್ನು ಹುಡುಕುವುದನ್ನು ಬಿಟ್ಟು ಓದು.’ ಅವನು ಓದುತ್ತಿದ್ದಾನೆ. ಮುನ್ನೂರನೆಯ ಪುಟದ ಹತ್ತಿರ ಇದ್ದಾನೆಂದು ಈಚಿನ ವರದಿ.

‘ಕರ್ವಾಲೊ’ ಓದಿದ ಔಷಧದ ಅಂಗಡಿಯವರ ದೂರು ಬೇರೆ ಬಗೆಯದು. 1980ರಲ್ಲಿ ಬಂದ ತೇಜಸ್ವಿಯವರ ಈ ಕಾದಂಬರಿಯ ಕಥೆ ವಾಚಕರಿಗೆ ತಿಳಿದದ್ದೇ. ಕೃಷಿಯಲ್ಲಿ ಬೇಸತ್ತ ನಿರೂಪಕ, ವಿಜ್ಞಾನಿ ಕರ್ವಾಲೊ, ಜೇನು ಕೀಳುವ ಮಂದಣ್ಣ, ಇವರೆಲ್ಲ ಹಾರುವ ಓತಿಯ ಬೆನ್ನು ಹತ್ತಿ ಕಾಡು ನುಗ್ಗುತ್ತಾರೆ. ಕೊನೆಗೆ ಓತಿ ಕೈಗೆ ಸಿಕ್ಕದೆ ಪ್ರಪಾತದ ಮೇಲೆ ತೇಲಿಹೋಗುತ್ತದೆ. ‘ಅಷ್ಟು ದೂರ ನಡೆಸಿಕೊಂಡು ಹೋಗಿ ಕೊನೆಗೆ ಹಾರಿಹೋಯಿತು ಅಂದರೆ ಏನು ಸ್ವಾಮಿ? ದುಡ್ಡು ತೆಗೆದುಕೊಂಡು ಔಷಧ ಕೊಡದೆ ಕಳಿಸಿದ ಹಾಗಾಯಿತು’ ಎಂದರು ಅವರು. ಗಣಿತದ ಮೇಡಂ ಕೂಡಲೇ, ‘ಲೆಕ್ಕ ಮಾಡಿದ್ದಕ್ಕೆ ಮಾರ್ಕ್ಸ್ ಇದೆ, ಉತ್ತರಕ್ಕೆ ಒಂದೇ ಮಾರ್ಕು’ ಎಂದುಬಿಟ್ಟರು. ನಗೆಯಲ್ಲಿ ಮಾತು ಮುಗಿಯಿತು. ಆದರೆ ಮನೆಗೆ ಬರುವಾಗ ನನಗೆ ಅನ್ನಿಸಿತು: ಔಷಧದ ಅಂಗಡಿಯವರಿಗೆ ಆದ ನಿರಾಸೆಯೇ ಕಾದಂಬರಿ ಬೇಡುವ ನಿರಾಸೆ. ಓತಿಯನ್ನು ಪೆಟ್ಟಿಗೆಗೆ ಹಾಕಿಕೊಂಡು ಎಲ್ಲರೂ ಊರಿಗೆ ಬಂದಿದ್ದರೆ ಅದು ಒಂದು ಒಳ್ಳೆಯ ವರದಿಯಾಗುತ್ತಿತ್ತು. ಆ ಕೊನೆಯನ್ನು ‘ನಿಗೂಢ’, ‘ದಾರ್ಶನಿಕ’ ಎಂದೆಲ್ಲ ಬಣ್ಣಿಸಿ ಟಿಪ್ಪಣಿ ಬರೆಸುವ ನಾವು, ಅದನ್ನು ಓದಿ ಕೈ ಹಿಸುಕಿಕೊಂಡದ್ದು ಯಾವಾಗ? ಅವರು ಹಿಸುಕಿಕೊಂಡಿದ್ದಾರೆ. ಅಷ್ಟರ ಮಟ್ಟಿಗೆ ಅವರು ನಮಗಿಂತ ಹತ್ತಿರ ಹೋಗಿ ಬಂದವರು.

ಇನ್ನು ನನಗೆ ಪೆಟ್ಟು ಬಿದ್ದ ಎರಡು ಪ್ರಸಂಗಗಳನ್ನು ಹೇಳಬೇಕು.

ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದು ನಲವತ್ತು ವರ್ಷಗಳಿಂದ ಮೈಸೂರಿನಲ್ಲಿರುವ ಒಬ್ಬ ತಾಯಿ ಕೂಟಕ್ಕೆ ಬರುತ್ತಾರೆ. ವಯಸ್ಸು ಎಪ್ಪತ್ತರ ಹತ್ತಿರ. ಹೆಚ್ಚು ಮಾತಾಡುವವರಲ್ಲ. ಆ ತಿಂಗಳು ಕಾರಂತರ ‘ಮರಳಿ ಮಣ್ಣಿಗೆ’ ಓದಿದ್ದರು. ಅದನ್ನು ನಾನು ಹದಿನೈದು ವರ್ಷಗಳಲ್ಲಿ ಏಳೆಂಟು ಬಾರಿ ಪಾಠ ಮಾಡಿದ್ದೇನೆ. ಮೂರು ತಲೆಮಾರಿನ ಕಥೆ. ಕಡಲ ಕರೆಯ ಕೋಡಿ ಎಂಬ ಹಳ್ಳಿ. ಪೌರೋಹಿತ್ಯದ ರಾಮ ಐತಾಳ. ಇಂಗ್ಲಿಷ್ ಓದಿ ಕೆಟ್ಟುಹೋದ ಮಗ ಲಚ್ಚ. ನಗರದಲ್ಲಿ ನೆಲೆ ಕಾಣದೆ ಹಳ್ಳಿಗೆ ಹಿಂತಿರುಗುವ ಮೊಮ್ಮಗ ರಾಮ. ಮಣ್ಣಿನಿಂದ ದೂರವಾದದ್ದು, ಮಣ್ಣಿಗೆ ಮರಳಿದ್ದು, ಇದೇ ವಸ್ತು. ನನ್ನ ಟಿಪ್ಪಣಿಯಲ್ಲಿ ಈ ವಾಕ್ಯದ ಕೆಳಗೆ ಎರಡು ಗೆರೆಗಳಿವೆ. ಸ್ತ್ರೀಪಾತ್ರಗಳನ್ನು ಕುರಿತು ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ‘ತ್ಯಾಗ, ಸಹನೆ, ದುಡಿಮೆಗಳ ಮೂರ್ತಿಗಳು’ ಎಂದು ಬರೆಯುವ ಏರ್ಪಾಡೂ ಇದೆ.

ಆ ತಾಯಿ ನನ್ನ ಕಡೆ ತಿರುಗಿ ಕೇಳಿದರು: ‘ಅಲ್ಲ ಮಾಷ್ಟ್ರೇ, ಆ ಹೆಸರು ಯಾರಿಗೆ ಇಟ್ಟದ್ದು? ಪಾರೋತಿ, ಸರಸೋತಿ ಮಣ್ಣು ಬಿಟ್ಟು ಎಲ್ಲಿಗೆ ಹೋಗಿದ್ದರು, ಮರಳಿ ಬರಲಿಕ್ಕೆ?’

ನಾನು ಏನೋ ಹೇಳಲು ಬಾಯಿ ತೆರೆದೆ; ಹೇಳುವುದಕ್ಕೆ ಏನೂ ಇರಲಿಲ್ಲ. ಅವರೇ ಮುಂದುವರಿಸಿದರು. ತಮ್ಮ ಅಜ್ಜಿ ಬೆಳಕು ಹರಿಯುವ ಮುಂಚೆ ಎದ್ದು ಹೊತ್ತದ್ದು ಹೊತ್ತೇ ಹೊತ್ತದ್ದು. ಗೊಬ್ಬರ, ಸೊಪ್ಪು, ಮಣ್ಣು, ನೀರು. ಗಂಡಸರು ಊಟದ ಮನೆಗಳಿಗೆ ಹೋಗಿ ದಕ್ಷಿಣೆ ತರುತ್ತಿದ್ದರು. ‘ಕಾರಂತರಿಗೆ ಇದೆಲ್ಲ ಗೊತ್ತುಂಟು. ಒಂದೊಂದೂ ಬರೆದಿದ್ದಾರೆ. ಆದರೆ ಪುಸ್ತಕದ ಹೆಸರು ಮಾತ್ರ ಗಂಡಸರ ಹೆಸರು.’

ಈ ಮಾತನ್ನು ಪರೀಕ್ಷಿಸದೆ ಒಪ್ಪುವುದು ಸರಿಯಲ್ಲವೆಂದು ನಾನು ಮತ್ತೆ ಪುಸ್ತಕ ಹಿಡಿದೆ. ಈ ಸಲ ಐತಾಳರನ್ನೂ ಲಚ್ಚನನ್ನೂ ಬಿಟ್ಟು ಆ ಇಬ್ಬರು ಹೆಂಗಸರನ್ನು, ಹೆಂಡತಿ ಪಾರೋತಿಯನ್ನೂ ವಿಧವೆಯಾದ ತಂಗಿ ಸರಸೋತಿಯನ್ನೂ, ಹಿಂಬಾಲಿಸಿ ಓದಿದೆ. ಕಾದಂಬರಿಯ ಮೊದಲ ಭಾಗದಲ್ಲಿ ನಿಜವಾಗಿ ನಡೆಯುವುದು ಅವರ ಕೆಲಸ. ಅದನ್ನು ಕಾರಂತರು ಕರುಣೆಯಿಂದ ವರ್ಣಿಸುವುದಿಲ್ಲ, ಕೆಲಸವನ್ನು ಕೆಲಸವೆಂದೇ ಬರೆಯುತ್ತಾರೆ: ಎಷ್ಟು ಹೊತ್ತು, ಯಾವ ಮಳೆಯಲ್ಲಿ, ಯಾವ ದಾರಿಯಲ್ಲಿ. ಮಕ್ಕಳಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ಮದುವೆಯಾಗಿ ತಂದ ಮೇಲೂ ಪಾರೋತಿಯ ಕೆಲಸ ನಿಲ್ಲುವುದಿಲ್ಲ; ದುಃಖಪಡಲು ಅವಳಿಗೆ ಬಿಡುವು ಇಲ್ಲ. ಆ ಬಿಡುವಿಲ್ಲದಿರುವಿಕೆಯಲ್ಲೇ ದುಃಖವಿದೆ. ಇಷ್ಟನ್ನು ಕಾರಂತರು ಮಾಡಿಟ್ಟಿದ್ದರೂ ನಮಗೆ ಕಾಣದೆ ಹೋದದ್ದು ಹೇಗೆ? ಹೊದಿಕೆಯ ಮೇಲಿನ ಹೆಸರನ್ನು ವಸ್ತುವೆಂದು ಹಿಡಿದೆವು. ಅದರ ಪ್ರಕಾರ ಹೋದವರೂ ಬಂದವರೂ ಮುಖ್ಯರಾದರು, ಇದ್ದವರು ಮೂರ್ತಿಗಳಾದರು.

ತಾಯಿಯ ಮಾತಿನಲ್ಲಿ ಸ್ವಲ್ಪ ಸಡಿಲವೂ ಇದೆ. ಲಚ್ಚನ ಹೆಂಡತಿ ನಾಗವೇಣಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಂಡನಿಂದ ನೊಂದು, ತೌರಿಗೂ ಸೇರಿದ ಮನೆಗೂ ನಡುವೆ ತೂಗಾಡಿ, ಮಗನನ್ನು ಬೆಳೆಸಿದ ಅವಳ ಬಾಳಿಗೆ ‘ಮರಳಿ’ ಎಂಬ ಮಾತು ಸಲ್ಲುತ್ತದೆ. ಗಂಡಸರಿಗೆ ಸಲ್ಲುವುದಕ್ಕಿಂತ ಹೆಚ್ಚಾಗಿಯೇ ಸಲ್ಲಬಹುದು. ಅಲ್ಲದೆ, ಮೊಮ್ಮಗ ಬರುವ ಹೊತ್ತಿಗೆ ಬರುವುದಕ್ಕೆ ಒಂದು ನೆಲ ಉಳಿದಿತ್ತಲ್ಲ, ಅದನ್ನು ಉಳಿಸಿದವರು ಯಾರೆಂಬುದು ಕಾದಂಬರಿಗೆ ಗೊತ್ತಿದೆ. ಹೆಸರು ಮರೆತದ್ದನ್ನು ಪುಟಗಳು ಮರೆತಿಲ್ಲ. ಮುಂದಿನ ತಿಂಗಳು ಇದನ್ನು ಹೇಳಿದಾಗ ಆ ತಾಯಿ ಸ್ವಲ್ಪ ಯೋಚಿಸಿ, ‘ನಾಗವೇಣಿಯದ್ದು ಸರಿ’ ಎಂದರು. ಮಿಕ್ಕದ್ದನ್ನು ಒಪ್ಪಲಿಲ್ಲ.

ಎರಡನೆಯ ಪ್ರಸಂಗ ತ್ರಿವೇಣಿಯವರ ‘ಶರಪಂಜರ’ದ್ದು. ಇದನ್ನು ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷಗಳ ಹಿಂದೆ ಪದವಿ ತರಗತಿಗಳ ಪಠ್ಯವನ್ನು ಆರಿಸುವ ಒಂದು ಸಮಿತಿಯಲ್ಲಿ ನಾನಿದ್ದೆ. ಕಿರಿಯ ಸದಸ್ಯೆಯೊಬ್ಬರು ಈ ಕಾದಂಬರಿಯನ್ನು ಸೂಚಿಸಿದರು. ‘ಜನಪ್ರಿಯ ಕಾದಂಬರಿಗೆ ಪಠ್ಯದ ಗೌರವ ಬೇಡ’ ಎಂದವನು ನಾನು. ಆ ಮಾತನ್ನು ನಾನು ಆಲೋಚಿಸಿ ಆಡಲಿಲ್ಲ. ವಿದ್ಯಾರ್ಥಿದೆಸೆಯಲ್ಲಿ ಗುರುಗಳ ಬಾಯಿಂದ ಕೇಳಿದ್ದೆ. ಅವರು ಅವರ ಗುರುಗಳಿಂದ ಕೇಳಿದ್ದಿರಬೇಕು. ಕಾದಂಬರಿಯನ್ನು ನಾನು ಓದಿದ್ದೆನೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ಹದಿನೇಳನೆಯ ವಯಸ್ಸಿನಲ್ಲಿ ಅಕ್ಕ ತಂದಿಟ್ಟಿದ್ದ ಪ್ರತಿಯನ್ನು ಒಂದು ಮಧ್ಯಾಹ್ನ ತಿರುವಿಹಾಕಿದ್ದೆ ಎಂದು ಹೇಳಬೇಕಾಗುತ್ತಿತ್ತು.

ತ್ರಿವೇಣಿಯವರು 1928ರಲ್ಲಿ ಹುಟ್ಟಿ 1963ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ತೀರಿಹೋದರು. ಹತ್ತು ವರ್ಷಗಳ ಆಸುಪಾಸಿನಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. ಮನಸ್ಸಿನ ಕಾಯಿಲೆಯನ್ನು ದೆವ್ವವೆಂದೂ ಶಾಪವೆಂದೂ ತಿಳಿಯುತ್ತಿದ್ದ ಮನೆಗಳೊಳಕ್ಕೆ ಮನಶ್ಶಾಸ್ತ್ರವನ್ನು ಕಾದಂಬರಿಯ ಮೂಲಕ ಕಳಿಸಿದವರು ಅವರು. ಅವರನ್ನು ಉಳಿಸಿದವರು ವಿಮರ್ಶಕರಲ್ಲ. ಬಾಡಿಗೆ ಪುಸ್ತಕದಂಗಡಿಗಳಿಂದ ದಿನಕ್ಕೆ ಇಷ್ಟೆಂದು ಕಾಸು ಕೊಟ್ಟು ತಂದು, ಅಡಿಗೆಮನೆಯಲ್ಲಿ ಓದಿ, ಪಕ್ಕದ ಮನೆಗೆ ದಾಟಿಸಿದ ಹೆಂಗಸರು.

ಗಣಿತದ ಮೇಡಂ ‘ಶರಪಂಜರ’ದ ಪ್ರಸ್ತಾಪ ತೆಗೆದದ್ದೇ ತಡ, ಮಾತು ಪುಸ್ತಕವನ್ನು ಬಿಟ್ಟು 1971ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ ಚಿತ್ರಕ್ಕೆ ಓಡಿತು. ಕಲ್ಪನಾ ಅಳುವುದು, ಕಲ್ಪನಾ ನಗುವುದು, ಕಲ್ಪನಾ ಉಟ್ಟ ಸೀರೆ. ಕಾಲು ಗಂಟೆ ಹೀಗೆ ನಡೆಯಿತು. ಚಿತ್ರ ನೋಡಿದವರ ಮನಸ್ಸಿನಲ್ಲಿ ಕಾದಂಬರಿಯ ಕಾವೇರಿಗೆ ಬೇರೆ ಮುಖವೇ ಇಲ್ಲ. ಪುಸ್ತಕದ ಮೇಲೆ ಅಭಿಪ್ರಾಯ ಕೇಳಿದರೆ ಚಿತ್ರದ ಮೇಲೆ ಅಭಿಪ್ರಾಯ ಬರುವುದು ನಮ್ಮ ಕಾಲದ ಒಂದು ತೊಡಕು. ಚಿತ್ರವಾದ ಕಾದಂಬರಿಗಳೆಲ್ಲಕ್ಕೂ ಈ ಗ್ರಹಚಾರ ತಪ್ಪಿದ್ದಲ್ಲ.

ಆಗ ಮೂಲೆಯಲ್ಲಿದ್ದ ಒಬ್ಬಾಕೆ, ಆರು ತಿಂಗಳಿಂದ ಬರುತ್ತಿದ್ದರೂ ಒಂದು ದಿನವೂ ತಾವಾಗಿ ಮಾತಾಡಿರದವರು, ನಿಧಾನವಾಗಿ ಹೇಳಿದರು: ‘ಎಲ್ಲರೂ ಗಂಡನ ವಿಷಯ ಹೇಳ್ತೀರಿ. ಸತೀಶ ಕೆಟ್ಟವನು, ನಿಜ. ನಾನು ಓದಿದಾಗ ನನಗೆ ಕಷ್ಟವಾದದ್ದು ಬೇರೆ. ಅವಳು ಆಸ್ಪತ್ರೆಯಿಂದ ವಾಸಿಯಾಗಿ ಬಂದಿದ್ದಾಳೆ. ಬಂದ ಮೇಲೆ ಅವಳು ಸ್ವಲ್ಪ ಜೋರಾಗಿ ನಕ್ಕರೂ ನೋಡುತ್ತಾರೆ, ಸುಮ್ಮನೆ ಕೂತರೂ ನೋಡುತ್ತಾರೆ. ನಮ್ಮ ಮನೆಯಲ್ಲಿ ನನ್ನ ತಂಗಿ ಹಾಗೆ ಬಂದಿದ್ದಳು. ಕಾಯಿಲೆ ವಾಸಿಯಾಗುವುದಕ್ಕೆ ಎಂಟು ತಿಂಗಳು ಸಾಕಾಯಿತು. ವಾಸಿಯಾಗಿದೆ ಅಂತ ನಮಗೆ ತೋರಿಸುವುದಕ್ಕೆ ಅವಳ ಆಯುಸ್ಸು ಸಾಲಲಿಲ್ಲ. ನೋಡುತ್ತಿದ್ದವರಲ್ಲಿ ನಾನೂ ಒಬ್ಬಳು.’

ಹಜಾರದಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬ್ಯಾಂಕಿನ ಹಿರಿಯರು ಗಂಟಲು ಸರಿಮಾಡಿಕೊಂಡು, ‘ಅದು ಸರಿ ಅಮ್ಮ. ನಿಮ್ಮ ಅನುಭವ ದೊಡ್ಡದು. ಆದರೆ ಅದರಿಂದ ಪುಸ್ತಕ ದೊಡ್ಡದಾಗುತ್ತದೆಯೇ? ಮೇಷ್ಟ್ರು ಹೇಳಬೇಕು’ ಎಂದರು. ನಿಷ್ಠುರವಾಗಿ ಕಂಡರೂ ಅದು ಸರಿಯಾದ ಪ್ರಶ್ನೆ. ವಿಮರ್ಶೆಯೆಂಬುದಕ್ಕೆ ಏನಾದರೂ ಕೆಲಸವಿದ್ದರೆ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಆ ಕೆಲಸ. ನೊಂದ ಓದುಗ ತೆಳುವಾದ ಪುಟವನ್ನೂ ತನ್ನ ಕಣ್ಣೀರಿನಿಂದ ತುಂಬಿಬಿಡಬಲ್ಲ. ಹಾಗೆ ತುಂಬಿದ್ದು ಲೇಖಕಿಯೋ, ಓದಿದಾಕೆಯೋ? ‘ಮುಂದಿನ ತಿಂಗಳು ಹೇಳುತ್ತೇನೆ’ ಎಂದು ನಾನು ತಪ್ಪಿಸಿಕೊಂಡೆ. ಓದಿರಲಿಲ್ಲ ಎಂದು ಹೇಳುವ ಧೈರ್ಯ ಅಂದು ಬರಲಿಲ್ಲ.

ಓದಿದೆ. ದೋಷಗಳಿವೆ, ಇಲ್ಲವೆನ್ನಲಾರೆ. ಪಾತ್ರದ ಮನಸ್ಸಿನಲ್ಲಿ ನಡೆಯುವುದನ್ನು ತೋರಿಸಿದ ಮೇಲೂ ತ್ರಿವೇಣಿಯವರು ಅದನ್ನು ವಿವರಿಸದೆ ಬಿಡುವುದಿಲ್ಲ. ಓದುಗನ ಮೇಲೆ ಅವರಿಗೆ ಪ್ರೀತಿಯಿದೆ, ನಂಬಿಕೆ ಸ್ವಲ್ಪ ಕಡಮೆ. ಸುಖಸಂಸಾರದ ಮೊದಲ ಭಾಗದಲ್ಲಿ ಸಂಭಾಷಣೆಗೆ ಅತಿಯಾದ ಸಿಹಿ ಅಂಟಿಕೊಂಡಿದೆ. ಬ್ಯಾಂಕಿನ ಹಿರಿಯರು ಹೇಳುವಂತೆ ಶೈಲಿಯಲ್ಲಿ ನೆನಪಿಡುವಂಥ ತಿರುವುಗಳು ಕಡಮೆಯೇ.

ಆದರೆ ಬಾಣಂತಿತನದ ಕಾಯಿಲೆ ಕಳೆದು ಕಾವೇರಿ ಮನೆಗೆ ಹಿಂತಿರುಗಿದ ಮೇಲಿನ ಭಾಗವನ್ನು ಓದುತ್ತ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇಲ್ಲಿ ಲೇಖಕಿ ಒಂದು ಬಹಳ ಕಷ್ಟವಾದ ಕೆಲಸವನ್ನು ಕೈಗೆತ್ತಿಕೊಂಡಿದ್ದಾರೆ: ಏನೂ ಆಗದಿರುವುದನ್ನು ಬರೆಯುವುದು. ಯಾರೂ ಅವಳನ್ನು ಹೊಡೆಯಬೇಕಾಗಿಲ್ಲ, ಹೊರಗೆ ಹಾಕಬೇಕಾಗಿಲ್ಲ. ಮನೆಯವರು, ನೆರೆಯವರು ನೋಡುತ್ತಾರೆ; ಅಷ್ಟು ಸಾಕು. ಅವಳ ಸಿಟ್ಟು ಎಲ್ಲರ ಸಿಟ್ಟಿನ ಹಾಗೆ ಸಿಟ್ಟಾಗಿ ಉಳಿಯುವುದಿಲ್ಲ, ಲಕ್ಷಣವಾಗಿಬಿಡುತ್ತದೆ. ‘ಶರಪಂಜರ’ ಎಂಬ ಹೆಸರನ್ನು ನಾನು ಅಲಂಕಾರವೆಂದು ತಿಳಿದಿದ್ದೆ. ಈಗ ನೋಡಿದರೆ ಅದು ಕೃತಿಯ ರಚನೆಯ ವಿವರಣೆ. ಪಂಜರದ ಸರಳುಗಳು ಬಾಣಗಳು, ಬಾಣಗಳು ಕಣ್ಣುಗಳು; ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದರೆ ಯಾವುದೂ ಅಪರಾಧವಲ್ಲ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೆ ಹೋಗಬೇಕಾಗುವುದು ಕಾಯಿಲೆಯ ಕಾರಣದಿಂದಲೋ ಮನೆಯ ಕಾರಣದಿಂದಲೋ ಎಂಬ ಪ್ರಶ್ನೆಯನ್ನು ಓದುಗನ ತಲೆಯ ಮೇಲೆ ಹೊರಿಸಿ ಕಾದಂಬರಿ ಮುಗಿಯುತ್ತದೆ. ಮೂಲೆಯಲ್ಲಿ ಕೂತಿದ್ದಾಕೆ ಪುಸ್ತಕಕ್ಕೆ ತಮ್ಮ ಅನುಭವವನ್ನು ಸಾಲ ಕೊಟ್ಟಿರಲಿಲ್ಲ. ಪುಸ್ತಕದಲ್ಲಿದ್ದುದನ್ನೇ ಓದಿದ್ದರು. ಸತೀಶನ ಕೆಟ್ಟತನದಲ್ಲೇ ನಿಂತುಬಿಟ್ಟಿದ್ದ ನಾವೆಲ್ಲರೂ ಕಡಮೆ ಓದಿದ್ದೆವು.

ಇದನ್ನು ಕೂಟದಲ್ಲಿ ಹೇಳಿದೆ. ಸಮಿತಿಯ ಕಥೆಯನ್ನೂ ಮರೆಮಾಚದೆ ಹೇಳಿದೆ. ಬ್ಯಾಂಕಿನ ಹಿರಿಯರು ‘ಶೈಲಿಯ ಮಾತು?’ ಎಂದು ಪಟ್ಟು ಹಿಡಿದರು. ಅದನ್ನು ಬಿಟ್ಟುಕೊಡಲು ನಾನೂ ಸಿದ್ಧನಿರಲಿಲ್ಲ. ಆ ಪಠ್ಯದ ಪಟ್ಟಿಗೆ ಇನ್ನೂ ಒಂದು ವರ್ಷ ಆಯುಸ್ಸಿದೆ. ಅಲ್ಲಿಯವರೆಗೆ ಏನೂ ಮಾಡುವಂತಿಲ್ಲ. ಕಿರಿಯ ಸದಸ್ಯೆಗೆ ಒಂದು ಪತ್ರ ಬರೆದಿದ್ದೇನೆ.

ಓದುಗರ ಅಭಿಪ್ರಾಯದಲ್ಲಿ ನನಗೆ ಇಂದಿಗೂ ಕೊರತೆಯಾಗಿ ಕಾಣುವುದು ಒಂದಿದೆ. ಹದಿನಾಲ್ಕು ತಿಂಗಳಲ್ಲಿ ಯಾರೂ ಒಂದು ವಾಕ್ಯದ ಬಗ್ಗೆ ಮಾತಾಡಿಲ್ಲ. ಪಾತ್ರ, ಘಟನೆ, ಕೊನೆ ಇವುಗಳ ವಿಚಾರದಲ್ಲಿ ಗಂಟೆಗಟ್ಟಲೆ ಹೊಡೆದಾಡುವವರು, ಲೇಖಕ ಈ ಮಾತನ್ನು ಬಿಟ್ಟು ಆ ಮಾತನ್ನು ಏಕೆ ಇಟ್ಟ ಎಂದು ಕೇಳುವುದಿಲ್ಲ. ಕನ್ನಡಿಯೊಳಗಿನ ಮುಖ ನೋಡುತ್ತಾರೆ, ಕನ್ನಡಿಯನ್ನು ನೋಡುವುದಿಲ್ಲ. ಹೆಸರಾದ ಲೇಖಕರನ್ನು ಮೆಚ್ಚಲಿಲ್ಲವೆಂದು ಹೇಳಲು ಅಂಜುವುದೂ ಇದೆ. ‘ನಮಗೆ ಅಷ್ಟು ಮಟ್ಟಿಗೆ ತಿಳಿಯುವುದಿಲ್ಲ’ ಎಂದು ಸಂಕೋಚದಿಂದ ನುಣುಚಿಕೊಳ್ಳುತ್ತಾರೆ. ಆ ಸಂಕೋಚವನ್ನು ಅವರಿಗೆ ಕಲಿಸಿದವರು ನಾವೇ.

ವಾಕ್ಯದ ಮಾತು ಮೊದಲ ಸಲ ಬಂದದ್ದು ಕಳೆದ ತಿಂಗಳು, ಅದೂ ದೇವನೂರ ಮಹಾದೇವರ ‘ಕುಸುಮಬಾಲೆ’ಯ ದೆಸೆಯಿಂದ. 1984ರಲ್ಲಿ ಬಂದ, 1990ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪುಸ್ತಕ ಅದು. ಗಾತ್ರದಲ್ಲಿ ಚಿಕ್ಕದು. ಬ್ಯಾಂಕಿನ ಹಿರಿಯರು ಅದನ್ನು ತೆಗೆದುಕೊಂಡು ಹೋಗಿದ್ದರು. ‘ಹತ್ತು ಪುಟದಾಚೆ ಹೋಗಲಾಗಲಿಲ್ಲ. ಇದು ಕನ್ನಡವೆಂದು ಗೊತ್ತು, ಆದರೆ ನನ್ನ ಕನ್ನಡ ಇದನ್ನು ಹೊಗುವುದಿಲ್ಲ’ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಅವತ್ತು ಅವರ ಹಳೆಯ ಶಾಖೆಯಲ್ಲಿ ಗುಮಾಸ್ತರಾಗಿರುವ ತರುಣರೊಬ್ಬರು ಯಾವುದೋ ಕಾಗದಪತ್ರ ಕೊಡಲು ಬಂದವರು ಹಾಗೆಯೇ ಕೂತಿದ್ದರು. ನಂಜನಗೂಡು ತಾಲ್ಲೂಕಿನವರು. ಸಂಕೋಚಪಡುತ್ತಲೇ ಪುಸ್ತಕ ಕೇಳಿ ತೆಗೆದುಕೊಂಡು ಒಂದು ಪುಟವನ್ನು ಗಟ್ಟಿಯಾಗಿ ಓದಿದರು. ಅವರು ಓದಿದ್ದು ಅವರ ತಾಯಿ ಮಾತಾಡುವ ಕನ್ನಡ. ಎಲ್ಲಿ ಉಸಿರು ನಿಲ್ಲಬೇಕು, ಎಲ್ಲಿ ಮಾತು ಎಳೆಯಬೇಕು, ಎಲ್ಲಿ ನಗಬೇಕು ಎಂಬುದೆಲ್ಲ ಅವರ ನಾಲಗೆಗೆ ಗೊತ್ತಿತ್ತು. ಅಚ್ಚಿನಲ್ಲಿ ಮುಳ್ಳಾಗಿ ಕಂಡದ್ದು ಕಿವಿಗೆ ಬಿದ್ದ ಕೂಡಲೇ ಬಿಡಿಸಿಕೊಂಡಿತು. ಕುಂದಾಪುರದ ತಾಯಿ ‘ಇನ್ನೊಮ್ಮೆ ಆ ಸಾಲು ಓದು ಮಗಾ’ ಎಂದರು. ಅವರು ಓದಿದರು. ‘ಮಾತು ಎಷ್ಟು ಸಣ್ಣದು, ಎಷ್ಟು ಹೇಳಿಬಿಟ್ಟಿತು’ ಎಂದರು ಗಣಿತದ ಮೇಡಂ. ಏಳು ಗಂಟೆಗೆ ಬಂದ ಉಪ್ಪಿಟ್ಟು ಏಳೂಮುಕ್ಕಾಲರವರೆಗೆ ಆರಿತು.

ಈ ತಿಂಗಳು ಯಾರೂ ಅಭಿಪ್ರಾಯ ಹೇಳುವುದಿಲ್ಲವೆಂದು ಗೊತ್ತುಮಾಡಿದ್ದೇವೆ. ಗುಮಾಸ್ತರು ಮೊದಲಿನಿಂದ ಓದುತ್ತಾರೆ. ಬ್ಯಾಂಕಿನ ಹಿರ���ಯರು ತಮ್ಮ ಪ್ರತಿಯನ್ನೂ ಒಂದು ಪೆನ್ಸಿಲನ್ನೂ ತರುತ್ತಾರಂತೆ.